ಫಿಲ್ಲಿಂಗ್‌ನ ಅಂಚು ಎಷ್ಟು ಕಾಲ ಬಿಗಿಯಾಗಿರುತ್ತದೆ? ಹಲ್ಲಿನ ಅಂಟಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಳುಕು ತೆಗೆದ ಹಲ್ಲಿಗೆ ಹಲ್ಲಿನದೇ ಬಣ್ಣದ ಕಾಂಪೊಸಿಟ್ ತುಂಬಿಸಿಕೊಂಡವರು ಮತ್ತು ತುಂಬಿಸಿಕೊಳ್ಳಬೇಕೆಂದಿರುವವರು ದಂತವೈದ್ಯರ ಬಳಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಫಿಲ್ಲಿಂಗ್‌ನ ಬಣ್ಣ, ಹೊಳಪು, ಬೆಲೆ ಇಲ್ಲಿನ ವಿಷಯವಲ್ಲ. ಫಿಲ್ಲಿಂಗ್ ಮತ್ತು ಹಲ್ಲು ಕೂಡುವ ಗೆರೆಯಲ್ಲಿರುವ, ಕಣ್ಣಿಗೆ ಕಾಣದಷ್ಟು ತೆಳುವಾದ ಅಂಟಿನ ಪದರ ಎಷ್ಟರ ಮಟ್ಟಿಗೆ ಬಿಗಿಯಾಗಿರುತ್ತದೆ, ವರ್ಷಗಳು ಕಳೆದಂತೆ ಅದಕ್ಕೆ ಏನಾಗುತ್ತದೆ ಎಂಬುದಷ್ಟೇ ವಿಷಯ.

ಕಾಂಪೊಸಿಟ್ ಫಿಲ್ಲಿಂಗ್‌ಗೆ ಪ್ರತ್ಯೇಕ ಅಂಟು ಏಕೆ ಬೇಕು? ಅದು ತಾನಾಗಿಯೇ ಹಿಡಿದುಕೊಳ್ಳುವುದಿಲ್ಲವೇ?

ಇಲ್ಲ. ಕಾಂಪೊಸಿಟ್ ಎಂದರೆ ಗಾಜಿನಂಥ ನುಣ್ಣನೆಯ ಪುಡಿಯನ್ನು ಬೆರೆಸಿದ ರಾಳ. ರಾಳಕ್ಕೆ ನೀರು ಆಗದು. ಹಲ್ಲಿನಲ್ಲೋ, ಅದರಲ್ಲೂ ಒಳಪದರವಾದ ಡೆಂಟಿನ್‌ನಲ್ಲಿ, ನೀರು ಇದ್ದೇ ಇರುತ್ತದೆ. ಈ ಎರಡರ ನಡುವೆ ಒಂದು ತುದಿಯಲ್ಲಿ ನೀರಿಗೆ ಒಗ್ಗುವ, ಇನ್ನೊಂದು ತುದಿಯಲ್ಲಿ ರಾಳದೊಂದಿಗೆ ಬೆಸೆದುಕೊಳ್ಳುವ ಅಣುಗಳುಳ್ಳ ದ್ರವವೊಂದು ಬೇಕಾಗುತ್ತದೆ. ಚಿಕಿತ್ಸಾಲಯಗಳಲ್ಲಿ ಇದನ್ನು ಬಾಂಡಿಂಗ್ ಏಜೆಂಟ್ ಅಥವಾ ಬರೇ ಬಾಂಡ್ ಎನ್ನುತ್ತಾರೆ. ಹಳೆಯ ಬೆಳ್ಳಿ ಬಣ್ಣದ ಫಿಲ್ಲಿಂಗ್‌ಗಳಲ್ಲಿ ಇಂಥ ಅಂಟು ಇರುತ್ತಿರಲಿಲ್ಲ. ಒಳಗೆ ಅಗಲ, ಬಾಯಲ್ಲಿ ಕಿರಿದಾಗಿ ಕೊರೆದ ಗುಳಿಯ ಆಕಾರವೇ ಅವುಗಳನ್ನು ಹಿಡಿದಿಡುತ್ತಿತ್ತು. ಅದಕ್ಕಾಗಿ ಆರೋಗ್ಯವಾಗಿದ್ದ ಹಲ್ಲನ್ನೂ ಒಂದಷ್ಟು ಕೊರೆಯಬೇಕಾಗುತ್ತಿತ್ತು. ಅಂಟು ಬಂದ ಮೇಲೆ ಹುಳುಕಾದ ಭಾಗವನ್ನಷ್ಟೇ ತೆಗೆದರೆ ಸಾಕು ಎಂಬ ಸ್ಥಿತಿ ಬಂದಿತು.

ಅಂಟು ಹಲ್ಲನ್ನು ಹಿಡಿದುಕೊಳ್ಳುವುದು ಹೇಗೆ?

ಹೊರಗವಚವಾದ ಎನಾಮಲ್‌ನ ಮಟ್ಟಿಗೆ ಉತ್ತರ ಸರಳ. 1955ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿದ್ದ ಮೈಕೆಲ್ ಬ್ಯುನೊಕೋರ್ ಎಂಬ ಸಂಶೋಧಕರು ಎನಾಮಲ್‌ಗೆ 85% ಫಾಸ್ಫಾರಿಕ್ ಆಮ್ಲವನ್ನು ಅರ್ಧ ನಿಮಿಷ ಹಚ್ಚಿ ತೊಳೆದರೆ ಅಕ್ರಿಲಿಕ್ ರಾಳ ಅದರ ಮೇಲೆ ಹೆಚ್ಚು ಬಲವಾಗಿ ನಿಲ್ಲುತ್ತದೆ ಎಂದು ತೋರಿಸಿದರು. ಆಮ್ಲವು ಎನಾಮಲ್‌ನ ಮೇಲ್ಮೈಯಲ್ಲಿ ಅಸಂಖ್ಯ ಸೂಕ್ಷ್ಮ ಕುಳಿಗಳನ್ನು ಮಾಡುತ್ತದೆ. ದ್ರವರೂಪದ ರಾಳ ಅವುಗಳೊಳಗೆ ಇಳಿದು ಗಟ್ಟಿಯಾದಾಗ ಕೊಂಡಿ ಹಾಕಿದಂತೆ ಸಿಕ್ಕಿಕೊಳ್ಳುತ್ತದೆ. ಇಂದಿಗೂ ಮೂಲ ವಿಧಾನ ಇದೇ. ಆಮ್ಲದ ಪ್ರಮಾಣ ಮಾತ್ರ ಸುಮಾರು 37%ಕ್ಕೆ ಇಳಿದಿದೆ. ನಿಮ್ಮ ಹಲ್ಲಿಗೆ ವೈದ್ಯರು ಹಚ್ಚುವ ನೀಲಿ ಬಣ್ಣದ ಜೆಲ್ ಸಾಮಾನ್ಯವಾಗಿ ಇದೇ ಆಮ್ಲ.

ಡೆಂಟಿನ್‌ನ ಕಥೆ ಬೇರೆ. ಅಲ್ಲಿ ಆಮ್ಲವು ಖನಿಜವನ್ನು ಕರಗಿಸಿದಾಗ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಬಲೆಯೊಂದು ಬಯಲಾಗಿ ಉಳಿಯುತ್ತದೆ. ರಾಳವು ಈ ಬಲೆಯ ಎಳೆಎಳೆಯ ನಡುವೆ ನುಗ್ಗಿ ಗಟ್ಟಿಯಾಗಬೇಕು. ಹಾಗೆ ಉಂಟಾಗುವ, ಅರ್ಧ ಹಲ್ಲು ಅರ್ಧ ರಾಳವಾದ ಪದರವನ್ನು 1982ರಲ್ಲಿ ಜಪಾನಿನ ನೊಬುವೊ ನಕಾಬಯಾಶಿ ಮತ್ತು ಸಂಗಡಿಗರು ವಿವರಿಸಿದರು. ಅದಕ್ಕೆ ಹೈಬ್ರಿಡ್ ಪದರವೆಂಬ ಹೆಸರು ನಿಂತಿತು. ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪದ ಈ ಪದರದ ಆಯುಷ್ಯವೇ, ಬಹುಮಟ್ಟಿಗೆ, ಡೆಂಟಿನ್ ಭಾಗದ ಬಿಗಿಯ ಆಯುಷ್ಯ.

ಎನಾಮಲ್‌ನಲ್ಲಿ ಬಿಗಿ ಉಳಿಯುತ್ತದೆ, ಡೆಂಟಿನ್‌ನಲ್ಲಿ ಕುಂದುತ್ತದೆ ಎನ್ನುತ್ತಾರೆ. ಕಾರಣವೇನು?

ಎನಾಮಲ್ ತೂಕದಲ್ಲಿ ಸುಮಾರು 96% ಖನಿಜ. ಅದನ್ನು ಚೆನ್ನಾಗಿ ಒಣಗಿಸಬಹುದು, ಅದರಲ್ಲಿ ಕೊಳೆಯುವಂಥ ಪ್ರೋಟೀನು ಅತ್ಯಲ್ಪ. ಡೆಂಟಿನ್‌ನಲ್ಲಿ ಖನಿಜ ಸುಮಾರು 70%. ಉಳಿದದ್ದರಲ್ಲಿ ಸುಮಾರು 20% ಸಾವಯವ ಪದಾರ್ಥ, 10% ನೀರು. ಇಷ್ಟೇ ಅಲ್ಲದೆ ಡೆಂಟಿನ್‌ನ ಉದ್ದಕ್ಕೂ ಒಳಗಿನ ತಿರುಳಿನಿಂದ ಹೊರಗಿನವರೆಗೆ ಸೂಕ್ಷ್ಮ ನಾಳಗಳು ಹಾದುಹೋಗುತ್ತವೆ. ಎನಾಮಲ್‌ನ ಬಳಿ ಒಂದು ಚದರ ಮಿಲಿಮೀಟರಿನಲ್ಲಿ ಸುಮಾರು 20,000 ನಾಳಗಳಿದ್ದರೆ, ತಿರುಳಿನ ಬಳಿ ಅವು 45,000ದಷ್ಟಾಗುತ್ತವೆ, ಅಗಲವೂ ಹೆಚ್ಚುತ್ತದೆ. ಹುಳುಕು ಆಳಕ್ಕೆ ಹೋದಷ್ಟೂ ಅಂಟು ಕೂರಬೇಕಾದ ನೆಲ ಹೆಚ್ಚು ಒದ್ದೆ, ಹೆಚ್ಚು ತೂತುತೂತು.

ಈ ವ್ಯತ್ಯಾಸದ ವ್ಯಾವಹಾರಿಕ ಫಲವನ್ನು ಗಮನಿಸಬೇಕು. ಫಿಲ್ಲಿಂಗ್‌ನ ಸುತ್ತಲಿನ ಅಂಚು ಪೂರ್ತಿಯಾಗಿ ಎನಾಮಲ್‌ನಲ್ಲಿದ್ದರೆ ಒಳಗಿನ ಡೆಂಟಿನ್ ಬೆಸುಗೆಗೂ ರಕ್ಷಣೆ ಸಿಗುತ್ತದೆ, ಏಕೆಂದರೆ ನೀರು ಹೊರಗಿನಿಂದ ಬರುವ ದಾರಿ ಮುಚ್ಚಿರುತ್ತದೆ. ಎರಡು ಹಲ್ಲುಗಳ ಸಂದಿನಲ್ಲಿ ಹುಳುಕು ಒಸಡಿನ ಕೆಳಗೆ ಇಳಿದು, ಅಂಚು ಬೇರಿನ ಡೆಂಟಿನ್ ಮೇಲೆ ಬಂದಾಗ ಆ ರಕ್ಷಣೆ ಇಲ್ಲವಾಗುತ್ತದೆ. ಸೋರಿಕೆ, ಮರುಹುಳುಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ಕೆಳ ಅಂಚಿನಲ್ಲಿಯೇ. ನಿಮ್ಮ ಫಿಲ್ಲಿಂಗ್ ಎಷ್ಟು ಕಾಲ ಬರುತ್ತದೆ ಎಂದು ಕೇಳುವಾಗ ಅಂಟಿನ ಹೆಸರಿಗಿಂತ ಮೊದಲು ಕೇಳಬೇಕಾದದ್ದು ಅಂಚು ಎಲ್ಲಿದೆ ಎಂಬುದನ್ನು.

ಸೋರಿಕೆ ಎಂದರೆ ಏನು ಸೋರುವುದು?

ಫಿಲ್ಲಿಂಗ್‌ಗೂ ಹಲ್ಲಿಗೂ ನಡುವಿನ ಬಿರುಕಿನಲ್ಲಿ ಜೊಲ್ಲು, ಆಹಾರದ ಸಕ್ಕರೆ, ಆಮ್ಲ, ಬ್ಯಾಕ್ಟೀರಿಯಾಗಳು ಒಳಗೆ ಹೋಗುವುದನ್ನು ಸೂಕ್ಷ್ಮ ಸೋರಿಕೆ ಎನ್ನುತ್ತಾರೆ. ಹುಳುಕಿಗೆ ಕಾರಣವಾಗುವ ಬ್ಯಾಕ್ಟೀರಿಯಾಗಳ ಅಗಲ ಸುಮಾರು ಅರ್ಧದಿಂದ ಒಂದು ಮೈಕ್ರಾನ್ ಇರುವುದರಿಂದ ಅದಕ್ಕಿಂತ ಕಿರಿದಾದ ಸಂದಿಯಲ್ಲಿ ಅವು ನುಸುಳಲಾರವು. ಆದರೆ ಬಿರುಕೇ ಇಲ್ಲದ ಕಡೆಯಲ್ಲೂ ಹೈಬ್ರಿಡ್ ಪದರದೊಳಗೆ ರಾಳ ತಲುಪದೆ ಉಳಿದ ನ್ಯಾನೊಮೀಟರ್ ಅಳತೆಯ ರಂಧ್ರಗಳಿರುತ್ತವೆ. 1995ರಲ್ಲಿ ಹಿದೆಹಿಕೊ ಸಾನೊ ಮತ್ತು ಸಂಗಡಿಗರು ಬೆಳ್ಳಿಯ ಲವಣವನ್ನು ಬಳಸಿ ಇದನ್ನು ತೋರಿಸಿ ನ್ಯಾನೊ ಸೋರಿಕೆ ಎಂದು ಕರೆದರು. ಇಲ್ಲಿ ಬ್ಯಾಕ್ಟೀರಿಯಾ ಹೋಗದು, ನೀರು ಹೋಗುತ್ತದೆ. ಮುಂದೆ ವಿವರಿಸುವ ಸವೆತಕ್ಕೆ ನೀರೇ ಸಾಕು.

ಹೊಸ ಫಿಲ್ಲಿಂಗ್‌ನಲ್ಲೂ ಬಿರುಕು ಇರಬಹುದೇ?

ಇರಬಹುದು. ಕಾಂಪೊಸಿಟ್ ನೀಲಿ ಬೆಳಕಿಗೆ ಗಟ್ಟಿಯಾಗುವಾಗ ಕುಗ್ಗುತ್ತದೆ. ಸಾಮಾನ್ಯ ಬಗೆಗಳಲ್ಲಿ ಈ ಕುಗ್ಗುವಿಕೆ ಗಾತ್ರದ 2ರಿಂದ 3%ದಷ್ಟು, ನೀರಾಗಿ ಹರಿಯುವ ಬಗೆಗಳಲ್ಲಿ ಇನ್ನೂ ಹೆಚ್ಚು. ಕುಗ್ಗುವ ರಾಳವು ತನ್ನನ್ನು ಹಿಡಿದುಕೊಂಡಿರುವ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ಅಂಟು ಗೆದ್ದರೆ ಗೋಡೆಗಳು ತುಸು ಬಾಗುತ್ತವೆ, ಸೋತರೆ ಬಿರುಕು ಬಿಡುತ್ತದೆ.

ಗುಳಿಯ ಆಕಾರವೂ ಇಲ್ಲಿ ಮುಖ್ಯ. ದವಡೆ ಹಲ್ಲಿನ ಮೇಲ್ಭಾಗದಲ್ಲಿ ಕೊರೆದ ಪೆಟ್ಟಿಗೆಯಂಥ ಗುಳಿಯಲ್ಲಿ ಫಿಲ್ಲಿಂಗ್ ಐದು ಮುಖಗಳಲ್ಲಿ ಅಂಟಿಕೊಂಡಿರುತ್ತದೆ, ಒಂದೇ ಮುಖ ಬಿಡುವಾಗಿರುತ್ತದೆ. ಕುಗ್ಗುವ ರಾಳಕ್ಕೆ ಸಡಿಲಗೊಳ್ಳಲು ಜಾಗವಿಲ್ಲದೆ ಎಳೆತವೆಲ್ಲ ಅಂಟಿನ ಮೇಲೆ ಬೀಳುತ್ತದೆ. ಒಸಡಿನ ಬಳಿಯ ತಟ್ಟೆಯಂಥ ತೋಡಿನಲ್ಲಿ ಈ ಒತ್ತಡ ಬಹಳ ಕಡಿಮೆ. ವೈದ್ಯರು ಕಾಂಪೊಸಿಟನ್ನು ಒಮ್ಮೆಗೇ ತುಂಬದೆ ಸುಮಾರು ಎರಡು ಮಿಲಿಮೀಟರ್ ದಪ್ಪದ ಪದರಗಳಾಗಿ, ಓರೆಯಾಗಿ ಹಾಕುತ್ತಾ ಪ್ರತಿ ಪದರಕ್ಕೂ ಬೆಳಕು ಹಿಡಿಯುವುದಕ್ಕೆ ಇದೂ ಒಂದು ಕಾರಣ. ಆಗ ತಾಳ್ಮೆಗೆಡಬೇಡಿ.

ಚೆನ್ನಾಗಿ ಅಂಟಿದ ಫಿಲ್ಲಿಂಗ್‌ನ ಬಿಗಿ ಕಾಲ ಕಳೆದಂತೆ ಏಕೆ ಕುಂದುತ್ತದೆ?

ಎರಡು ಬೇರೆ ಬೇರೆ ಕೊಳೆತಗಳು ಒಂದೇ ಜಾಗದಲ್ಲಿ ನಡೆಯುತ್ತವೆ: ಒಂದು ರಾಳದ್ದು, ಇನ್ನೊಂದು ಕೊಲಾಜೆನ್‌ನದು.

ಮೊದಲು ರಾಳ. ಒದ್ದೆಯಾದ ಡೆಂಟಿನ್‌ನೊಳಗೆ ಅಂಟು ಇಳಿಯಬೇಕೆಂದರೆ ಅದರಲ್ಲಿ ನೀರನ್ನು ಮೆಚ್ಚುವ ಅಣುಗಳಿರಬೇಕು. ಹೆಮಾ ಎಂಬುದು ಅವುಗಳಲ್ಲಿ ಬಹಳ ಬಳಕೆಯಲ್ಲಿರುವುದು. ಆದರೆ ಗಟ್ಟಿಯಾದ ಮೇಲೂ ಆ ಗುಣ ಹೋಗುವುದಿಲ್ಲ. ಅಂಟು ಬಾಯಿಯಲ್ಲಿ ವರ್ಷಗಟ್ಟಲೆ ನೀರು ಹೀರುತ್ತಾ ಮೃದುವಾಗುತ್ತದೆ, ಅದರೊಳಗಿನ ಎಸ್ಟರ್ ಬಂಧಗಳನ್ನು ನೀರು ಕಡಿಯುತ್ತದೆ. ಜೊಲ್ಲಿನಲ್ಲಿರುವ ಎಸ್ಟರೇಸ್ ಕಿಣ್ವಗಳು ಈ ಕೆಲಸವನ್ನು ಚುರುಕುಗೊಳಿಸುತ್ತವೆ. ಹುಳುಕಿನ ಪ್ರಮುಖ ಬ್ಯಾಕ್ಟೀರಿಯಾವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಕೂಡ ಇಂಥ ಕಿಣ್ವಗಳನ್ನು ಹೊರಸೂಸುತ್ತದೆ. ಡೆಂಟಿನ್‌ಗೆ ಅಂಟನ್ನು ಒಗ್ಗಿಸಿದ ಗುಣವೇ ಅದರ ಆಯುಷ್ಯವನ್ನು ಕಡಿಮೆ ಮಾಡುತ್ತದೆ ಎಂಬುದು ಈ ಕ್ಷೇತ್ರದ ಬಗೆಹರಿಯದ ತೊಡಕು.

ಇನ್ನು ಕೊಲಾಜೆನ್. ಆಮ್ಲವು ಖನಿಜವನ್ನು ಕರಗಿಸಿದಷ್ಟು ಆಳಕ್ಕೆ ರಾಳ ಇಳಿಯದಿದ್ದರೆ, ಹೈಬ್ರಿಡ್ ಪದರದ ತಳದಲ್ಲಿ ಖನಿಜದ ಹೊದಿಕೆಯೂ ಇಲ್ಲದ, ರಾಳದ ಹೊದಿಕೆಯೂ ಇಲ್ಲದ ಬೆತ್ತಲೆ ಎಳೆಗಳು ಉಳಿಯುತ್ತವೆ. ಅವುಗಳನ್ನು ಕರಗಿಸುವ ಕಿಣ್ವಗಳು ಹೊರಗಿನಿಂದ ಬರಬೇಕಾಗಿಲ್ಲ. ಡೆಂಟಿನ್ ರೂಪುಗೊಳ್ಳುವಾಗಲೇ ಅದರೊಳಗೆ ಸೇರಿಹೋದ ಮ್ಯಾಟ್ರಿಕ್ಸ್ ಮೆಟಲೊಪ್ರೋಟಿನೇಸ್ ಎಂಬ ಕಿಣ್ವಗಳು ಖನಿಜದಲ್ಲಿ ಹುದುಗಿ ನಿಷ್ಕ್ರಿಯವಾಗಿರುತ್ತವೆ. ಆಮ್ಲ ತಗುಲಿದಾಗ ಬಿಡುಗಡೆಯಾಗಿ ಎಚ್ಚೆತ್ತು ನಿಧಾನವಾಗಿ ಆ ಎಳೆಗಳನ್ನು ಕತ್ತರಿಸುತ್ತವೆ. ಡೇವಿಡ್ ಪ್ಯಾಶ್ಲಿ ಮತ್ತು ಸಂಗಡಿಗರು 2004ರಲ್ಲಿ ಬ್ಯಾಕ್ಟೀರಿಯಾಗಳೇ ಇಲ್ಲದ ಸ್ಥಿತಿಯಲ್ಲೂ ಡೆಂಟಿನ್‌ನ ಕೊಲಾಜೆನ್ ಹೀಗೆ ಕರಗುವುದನ್ನು ತೋರಿಸಿದ ಮೇಲೆ ಸಂಶೋಧನೆಯ ದಿಕ್ಕೇ ಬದಲಾಯಿತು. ಅಂಟನ್ನು ಬಲಪಡಿಸಿದರೆ ಸಾಲದು, ಹಲ್ಲಿನ ಕಡೆಯ ಎಳೆಗಳನ್ನೂ ಕಾಪಾಡಬೇಕು ಎಂಬುದು ಸ್ಪಷ್ಟವಾಯಿತು.

ಇದರ ಮೇಲೆ ಬಿಸಿ, ತಂಪು ಮತ್ತು ಅಗಿತದ ಪೆಟ್ಟುಗಳಿವೆ. ಬಿಸಿಗೆ ಕಾಂಪೊಸಿಟ್ ಹಲ್ಲಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ, ತಂಪಿಗೆ ಅಷ್ಟೇ ಹೆಚ್ಚು ಕುಗ್ಗುತ್ತದೆ. ಒಂದು ಲೋಟ ಬಿಸಿ ಕಾಫಿಯಿಂದ ಏನೂ ಆಗದು. ವರ್ಷಗಳ ಕಾಲ ನಡೆಯುವ ಈ ಎಳೆದಾಟ ಮಾತ್ರ ಮೊದಲೇ ದುರ್ಬಲವಾದ ಅಂಚನ್ನು ಬಿಚ್ಚುತ್ತದೆ.

ಪ್ರಯೋಗಾಲಯದಲ್ಲಿ ಸೋರಿಕೆಯನ್ನು ಹೇಗೆ ಅಳೆಯುತ್ತಾರೆ? ಆ ಫಲಿತಾಂಶಗಳನ್ನು ನಂಬಬಹುದೇ?

ಕಿತ್ತ ಹಲ್ಲುಗಳಲ್ಲಿ ಫಿಲ್ಲಿಂಗ್ ಹಾಕಿ, 5 ಮತ್ತು 55 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸಾವಿರಾರು ಬಾರಿ ಅದ್ದಿ ತೆಗೆದು, ಆಮೇಲೆ ಮೆಥಿಲೀನ್ ಬ್ಲೂ ಅಥವಾ ಫುಕ್ಸಿನ್‌ನಂಥ ಬಣ್ಣದಲ್ಲಿ ಮುಳುಗಿಸಿಡುತ್ತಾರೆ. ಹಲ್ಲನ್ನು ಸೀಳಿ ಬಣ್ಣ ಎಷ್ಟು ಒಳಗೆ ಹೋಗಿದೆ ಎಂದು ನೋಡುತ್ತಾರೆ. ಹತ್ತು ಸಾವಿರ ಸುತ್ತುಗಳು ಬಾಯಿಯ ಸುಮಾರು ಒಂದು ವರ್ಷಕ್ಕೆ ಸಮ ಎಂಬ ಅಂದಾಜು ಬಹಳ ಉಲ್ಲೇಖಗೊಳ್ಳುತ್ತದೆ. ಅದು ಅಂದಾಜು ಎಂಬುದನ್ನು ಮರೆಯಬಾರದು.

ಬಣ್ಣದ ಪರೀಕ್ಷೆಯ ಬಗ್ಗೆ ನಮ್ಮ ಅಭಿಪ್ರಾಯ ತುಸು ಕಠಿಣವೇ. ಬಣ್ಣದ ಅಣು ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಪಟ್ಟು ಚಿಕ್ಕದು, ಹಲ್ಲನ್ನು ಎಲ್ಲಿ ಸೀಳಿದರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ, ಕಿತ್ತ ಹಲ್ಲಿನಲ್ಲಿ ತಿರುಳಿನಿಂದ ಹೊರಕ್ಕೆ ಒತ್ತುವ ದ್ರವವೂ ಇರುವುದಿಲ್ಲ. ಒಂದು ಪ್ರಯೋಗಾಲಯದ ಅಂಕಿಗಳನ್ನು ಇನ್ನೊಂದರ ಜೊತೆ ಹೋಲಿಸುವುದು ಕಷ್ಟ. ಒಂದು ಅಂಟಿನಲ್ಲಿ ಬಣ್ಣ ಕಡಿಮೆ ಸೋರಿತು ಎಂಬ ಮಾತ್ರಕ್ಕೆ ಬಾಯಿಯಲ್ಲಿ ಅದು ಹೆಚ್ಚು ವರ್ಷ ಬಾಳುತ್ತದೆ ಎನ್ನಲಾಗದು. ಇದಕ್ಕಿಂತ ಹೆಚ್ಚು ಉಪಯುಕ್ತವಾದದ್ದು, ಅಂಟಿಸಿದ ಹಲ್ಲನ್ನು ತೆಳುವಾದ ಕಡ್ಡಿಗಳಾಗಿ ಕತ್ತರಿಸಿ, ತಿಂಗಳುಗಟ್ಟಲೆ ನೀರಿನಲ್ಲಿಟ್ಟು, ಆಮೇಲೆ ಎಳೆದು ಮುರಿಯುವ ಪರೀಕ್ಷೆ. 2005ರಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ತಂಡ ಇಂಥ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಸುಮಾರು ಮೂರು ತಿಂಗಳ ನಂತರ ಎಲ್ಲ ಬಗೆಯ ಅಂಟುಗಳಲ್ಲೂ ಬಾಯಿಯಲ್ಲಿ ಕಾಣುವಂಥದೇ ಸವೆತದ ಗುರುತುಗಳು ಕಂಡುಬಂದವು.

ಹಾಗಾದರೆ ನಿಜವಾದ ಬಾಯಿಯಲ್ಲಿ ಎಷ್ಟು ವರ್ಷ?

ಅಂಟನ್ನಷ್ಟೇ ಪರೀಕ್ಷಿಸಲು ಸಂಶೋಧಕರು ಆರಿಸಿಕೊಳ್ಳುವುದು ಒಸಡಿನ ಬಳಿ ಹುಳುಕಿಲ್ಲದೆ ಸವೆದು ಆದ ತೋಡುಗಳನ್ನು. ಅಲ್ಲಿ ಫಿಲ್ಲಿಂಗನ್ನು ಹಿಡಿದಿಡುವ ಆಕಾರವೇ ಇಲ್ಲ, ಅಂಟು ಸೋತರೆ ಫಿಲ್ಲಿಂಗ್ ಉದುರಿಬಿಡುತ್ತದೆ, ಲೆಕ್ಕ ಸುಲಭ. ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ಸಮೀಕ್ಷೆಯ ಪ್ರಕಾರ ವರ್ಷಕ್ಕೆ ಸರಾಸರಿ ಸೋಲಿನ ಪ್ರಮಾಣ ಹಲ್ಲಿಗೆ ನೇರವಾಗಿ ಬೆಸೆಯುವ ಸಿಮೆಂಟಾದ ಗ್ಲಾಸ್ ಅಯಾನೊಮರ್‌ನಲ್ಲಿ 2.0%, ಎರಡು ಹಂತದ ಸೌಮ್ಯ ಸೆಲ್ಫ್ ಎಚ್ ಅಂಟುಗಳಲ್ಲಿ (ಆಮ್ಲವನ್ನು ಬೇರೆಯಾಗಿ ಹಚ್ಚಿ ತೊಳೆಯಬೇಕಿಲ್ಲದವು) 2.5%, ಮೂರು ಹಂತದ ಎಚ್ಚಿಂಗ್ ಅಂಟುಗಳಲ್ಲಿ (ಮೊದಲು ಆಮ್ಲ ಹಚ್ಚಿ ತೊಳೆಯುವವು) 3.1%. ಒಂದೇ ಬಾಟಲಿಯ ಸೌಮ್ಯ ಸೆಲ್ಫ್ ಎಚ್ ಅಂಟುಗಳಲ್ಲಿ 3.6%. ಹಂತಗಳನ್ನು ಉಳಿಸಲೆಂದು ಬಂದ ಎರಡು ಹಂತದ ಎಚ್ಚಿಂಗ್ ಅಂಟುಗಳಲ್ಲಿ ಮಾತ್ರ 5.8%ಕ್ಕೆ ಏರಿತ್ತು.

ದವಡೆ ಹಲ್ಲುಗಳ ಕಾಂಪೊಸಿಟ್‌ಗಳ ದೀರ್ಘಕಾಲದ ಅಧ್ಯಯನಗಳನ್ನು ಒಟ್ಟುಗೂಡಿಸಿದ, ಅದೇ ವರ್ಷದ ಇನ್ನೊಂದು ವಿಶ್ಲೇಷಣೆ ರೋಗಿಗಳ ದೃಷ್ಟಿಯಿಂದ ಹೆಚ್ಚು ಮುಖ್ಯ. ಹತ್ತು ವರ್ಷಗಳ ಅವಧಿಗೆ ವಾರ್ಷಿಕ ಸೋಲು ಸರಾಸರಿ 2.4%. ಆದರೆ ಹುಳುಕಿನ ಅಪಾಯ ಕಡಿಮೆ ಇದ್ದವರಲ್ಲಿ ಅದು 1.6%, ಅಪಾಯ ಹೆಚ್ಚಿದ್ದವರಲ್ಲಿ 4.6%. ಹೀಗೆ ಇಬ್ಬರ ಬಾಯಿಯ ಆರೋಗ್ಯದ ನಡುವಿನ ಅಂತರ, ಎರಡು ಒಳ್ಳೆಯ ಅಂಟುಗಳ ನಡುವಿನ ಅಂತರಕ್ಕಿಂತ ಬಹಳ ದೊಡ್ಡದು. ಜಾಹೀರಾತುಗಳು ಇದನ್ನು ಹೇಳುವುದಿಲ್ಲ.

ಯಾವ ಬಗೆಯ ಅಂಟು ಉತ್ತಮ?

ಮೂರು ಕುಟುಂಬಗಳಿವೆ. ಮೊದಲನೆಯದಾದ ಎಚ್ಚಿಂಗ್ ಅಂಟುಗಳಲ್ಲಿ ಆಮ್ಲ ಹಚ್ಚಿ ತೊಳೆದು, ಹಲ್ಲನ್ನು ಅಂಟಿಗೆ ಅಣಿಗೊಳಿಸುವ ಪ್ರೈಮರ್ ಎಂಬ ದ್ರವ ಹಚ್ಚಿ, ಆಮೇಲೆ ಅಂಟು ಹಚ್ಚುತ್ತಾರೆ. ಇಲ್ಲಿ ತೊಳೆದ ಡೆಂಟಿನ್‌ನ ತೇವವನ್ನು ಹದವಾಗಿ ಉಳಿಸುವುದೇ ಕಠಿಣ ಕೆಲಸ: ಪೂರ್ತಿ ಒಣಗಿಸಿದರೆ ಕೊಲಾಜೆನ್ ಬಲೆ ಒಣಗಿದ ಸ್ಪಂಜಿನಂತೆ ಕುಸಿದು ರಾಳಕ್ಕೆ ದಾರಿ ಮುಚ್ಚುತ್ತದೆ, ನೀರು ಹೆಚ್ಚಾಗಿ ಉಳಿದರೆ ರಾಳ ಗಟ್ಟಿಯಾಗದು. ಎರಡನೆಯದು ಸೆಲ್ಫ್ ಎಚ್. ಆಮ್ಲಗುಣದ ಪ್ರೈಮರ್ ತಾನೇ ಖನಿಜವನ್ನು ಸ್ವಲ್ಪ ಕರಗಿಸುತ್ತಾ ಅಷ್ಟೇ ಆಳಕ್ಕೆ ಇಳಿಯುತ್ತದೆ, ತೊಳೆಯುವ ಹಂತವಿಲ್ಲ. ಮೂರನೆಯದು 2011ರ ಸುಮಾರಿಗೆ ಮಾರುಕಟ್ಟೆಗೆ ಬಂದ ಯುನಿವರ್ಸಲ್ ಅಂಟುಗಳು. ಇವನ್ನು ಆಮ್ಲ ಹಚ್ಚಿಯೂ ಹಚ್ಚದೆಯೂ ಬಳಸಬಹುದು.

ಸೌಮ್ಯ ಸೆಲ್ಫ್ ಎಚ್ ಅಂಟುಗಳು ಡೆಂಟಿನ್‌ನಲ್ಲಿ ಚೆನ್ನಾಗಿ ಬಾಳುವುದರ ಹಿಂದೆ 10-ಎಂಡಿಪಿ ಎಂಬ ಅಣುವಿನ ಪಾತ್ರ ದೊಡ್ಡದು. ಜಪಾನಿನ ಕುರಾರೆ ಕಂಪನಿ ರೂಪಿಸಿದ ಈ ಅಣು ಹಲ್ಲಿನ ಕ್ಯಾಲ್ಸಿಯಂನೊಂದಿಗೆ ಸುಲಭವಾಗಿ ಕರಗದ ಲವಣವನ್ನು ಮಾಡಿಕೊಂಡು ರಾಸಾಯನಿಕವಾಗಿ ಬೆಸೆಯುತ್ತದೆ. ಈ ಅಣುವಿರುವ ಕ್ಲಿಯರ್‌ಫಿಲ್ ಎಸ್‌ಇ ಬಾಂಡ್ ಅನ್ನು ಹದಿಮೂರು ವರ್ಷ ಅನುಸರಿಸಿ ನೋಡಿದ ಲ್ಯೂವೆನ್ ಅಧ್ಯಯನದಲ್ಲಿ ಬಹುಪಾಲು ಫಿಲ್ಲಿಂಗ್‌ಗಳು ಜಾಗದಲ್ಲೇ ಉಳಿದಿದ್ದವು. ಆದರೆ ಅಂಚಿನ ಸಣ್ಣಪುಟ್ಟ ದೋಷಗಳು ವರ್ಷದಿಂದ ವರ್ಷಕ್ಕೆ ಹೆಚ್ಚಿದ್ದವು, ಅದರಲ್ಲೂ ಎನಾಮಲ್ ಬದಿಯಲ್ಲಿ. ಸೌಮ್ಯ ಆಮ್ಲ ಎನಾಮಲ್‌ಗೆ ಸಾಲದು ಎಂಬುದೇ ಇದರ ಅರ್ಥ. ಹೀಗಾಗಿ ಎನಾಮಲ್ ಅಂಚಿಗೆ ಮಾತ್ರ ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದು, ಡೆಂಟಿನ್‌ಗೆ ಸೆಲ್ಫ್ ಎಚ್ ಬಳಸುವ ಮಿಶ್ರ ಪದ್ಧತಿ ಈಗ ವ್ಯಾಪಕವಾಗಿದೆ. ಅದೇ ಸರಿಯಾದ ದಾರಿ ಎಂದು ನಮಗೂ ತೋರುತ್ತದೆ.

ಫಿಲ್ಲಿಂಗ್‌ನ ಅಂಚಿನಲ್ಲಿ ಕಂದು ಗೆರೆ ಕಾಣುತ್ತಿದೆ. ಒಳಗೆ ಹುಳುಕಾಗಿದೆಯೇ?

ಬಹುತೇಕ ಇಲ್ಲ. ಕಾಫಿ, ಚಹಾ, ಎಲೆ ಅಡಿಕೆ, ತಂಬಾಕಿನ ಬಣ್ಣ ಅಂಚಿನ ಮೇಲ್ಮೈಯ ಚಿಕ್ಕ ಸಂದಿನಲ್ಲಿ ನಿಲ್ಲುತ್ತದೆ. ಅದು ಮೇಲ್ಮೈಯ ಕಲೆಯೇ ಹೊರತು ಹುಳುಕಿನ ಸಾಕ್ಷಿಯಲ್ಲ. ಬಾಯಿಯಿಂದ ತೆಗೆದ ಮಾದರಿಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಎಣಿಸಿ ನೋಡಿದ ಹಳೆಯ ಅಧ್ಯಯನಗಳು, 0.4 ಮಿಲಿಮೀಟರಿಗಿಂತ ಅಗಲವಾದ ಸಂದಿಗಳ ಕೆಳಗೆ ಸೋಂಕು ಸ್ಪಷ್ಟವಾಗಿ ಹೆಚ್ಚು ಎಂದೂ, ಕಿರಿದಾದ ಸಂದಿ ಅಥವಾ ಬರೇ ಕಲೆಯಿಂದ ಒಳಗಿನ ಹುಳುಕನ್ನು ಊಹಿಸಲಾಗದು ಎಂದೂ ಕಂಡುಕೊಂಡವು. ಮರುಹುಳುಕು ಬಹಳ ಸಲ ಹೊರಗಿನ ಮೇಲ್ಮೈಯಿಂದಲೇ, ಅಂಚಿನ ಪಕ್ಕದಲ್ಲಿ ಕೊಳೆ ನಿಂತ ಕಡೆಯಿಂದ, ಹೊಸ ಹುಳುಕಾಗಿ ಆರಂಭವಾಗುತ್ತದೆ.

ಎಕ್ಸ್‌ರೇಯಲ್ಲೂ ಒಂದು ಮೋಸವಿದೆ. ಅಂಟು ಮೂಲೆಯಲ್ಲಿ ದಪ್ಪವಾಗಿ ನಿಂತಿದ್ದರೆ ಕೆಲವು ಅಂಟುಗಳು ಎಕ್ಸ್‌ರೇಗೆ ಕಾಣದ ಕಾರಣ ಫಿಲ್ಲಿಂಗ್‌ನ ಕೆಳಗೆ ಕಪ್ಪು ಗೆರೆಯಂತೆ ತೋರಿ, ಹುಳುಕೆಂದು ತಪ್ಪಾಗಿ ಗ್ರಹಿಸುವ ಸಂಭವವಿರುತ್ತದೆ. ಅಂಚು ಮೃದುವಾಗಿದೆಯೇ, ಗುಳಿ ಬಿದ್ದಿದೆಯೇ, ಹಿಂದಿನ ಎಕ್ಸ್‌ರೇಗಿಂತ ಗೆರೆ ಹಿಗ್ಗಿದೆಯೇ ಎಂಬುದನ್ನು ನೋಡಿ ನಿರ್ಧರಿಸಬೇಕು.

ಫಿಲ್ಲಿಂಗ್ ಆದ ಮೇಲೆ ತಣ್ಣೀರಿಗೆ ಹಲ್ಲು ಜುಮ್ಮೆನ್ನುತ್ತದೆ. ಅದು ಸೋರಿಕೆಯೇ?

ಆಗಿರಬಹುದು. ಡೆಂಟಿನ್ ನಾಳಗಳಲ್ಲಿನ ದ್ರವ ಸರ್ರನೆ ಚಲಿಸಿದಾಗ ತಿರುಳಿನ ನರಗಳು ನೋವನ್ನು ಗ್ರಹಿಸುತ್ತವೆ ಎಂಬುದು ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರಾಮ್ ಮುಂದಿಟ್ಟ, ಈಗ ಎಲ್ಲರೂ ಒಪ್ಪಿರುವ ವಿವರಣೆ. ನಾಳಗಳ ಬಾಯಿಯನ್ನು ಅಂಟು ಸರಿಯಾಗಿ ಮುಚ್ಚದಿದ್ದರೆ ತಂಪಿಗೂ ಅಗಿತಕ್ಕೂ ಹೀಗಾಗುತ್ತದೆ. ಆದರೆ ಫಿಲ್ಲಿಂಗ್ ತುಸು ಎತ್ತರವಾಗಿ ಎದುರು ಹಲ್ಲಿಗೆ ಮೊದಲು ತಾಗಿದರೂ ಇದೇ ತೊಂದರೆ ಬರುತ್ತದೆ. ಅದನ್ನು ಉಜ್ಜಿ ಸರಿಪಡಿಸುವುದು ಕೆಲವೇ ನಿಮಿಷದ ಕೆಲಸ. ಒಂದೆರಡು ವಾರಗಳಲ್ಲಿ ಕಡಿಮೆಯಾಗುತ್ತಾ ಬಂದರೆ ಚಿಂತೆಯಿಲ್ಲ. ತಾನಾಗಿಯೇ ಬರುವ, ರಾತ್ರಿ ಎಬ್ಬಿಸುವ, ಬಿಸಿಗೆ ಹೆಚ್ಚಾಗಿ ಬಹಳ ಹೊತ್ತು ನಿಲ್ಲುವ ನೋವಾದರೆ ಕಾಯಬಾರದು.

ಗ್ಲಾಸ್ ಅಯಾನೊಮರ್ ಸಿಮೆಂಟ್ ಮತ್ತು ಬೆಳ್ಳಿ ಫಿಲ್ಲಿಂಗ್‌ಗಳಲ್ಲಿ ಈ ತೊಂದರೆ ಇಲ್ಲವೇ?

ಬೆಳ್ಳಿ ಫಿಲ್ಲಿಂಗ್, ಅಂದರೆ ಪಾದರಸದ ಅಮಾಲ್ಗಮ್, ಆರಂಭದಲ್ಲಿ ಸೋರುತ್ತದೆ. ಕ್ರಮೇಣ ಅದರ ತುಕ್ಕಿನ ಪದಾರ್ಥಗಳೇ ಸಂದಿಯನ್ನು ತುಂಬಿ ಸೋರಿಕೆ ಕಡಿಮೆಯಾಗುತ್ತದೆ. ಕಾಂಪೊಸಿಟ್‌ನದು ಇದಕ್ಕೆ ತದ್ವಿರುದ್ಧ: ಮೊದಲ ದಿನ ಅತ್ಯಂತ ಬಿಗಿ, ಆಮೇಲೆ ಇಳಿಮುಖ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದದ ನಂತರ ಅಮಾಲ್ಗಮ್ ಹಿಂದೆ ಸರಿಯುತ್ತಿದೆ. ಭಾರತ ಆ ಒಪ್ಪಂದವನ್ನು 2018ರಲ್ಲಿ ಅನುಮೋದಿಸಿತು.

ಗ್ಲಾಸ್ ಅಯಾನೊಮರ್ ಅನ್ನು ಲಂಡನ್ನಿನಲ್ಲಿ ಅಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ರೂಪಿಸಿದರು. ಅದು ಹಲ್ಲಿನ ಕ್ಯಾಲ್ಸಿಯಂನೊಂದಿಗೆ ನೇರವಾಗಿ ಬೆಸೆಯುತ್ತದೆ, ಬಿಸಿಗೆ ಸುಮಾರಾಗಿ ಡೆಂಟಿನ್‌ನಷ್ಟೇ ಹಿಗ್ಗುತ್ತದೆ, ನೀರಿಗೆ ಹೆದರುವುದಿಲ್ಲ. ಮೇಲಿನ ಅಂಕಿಗಳಲ್ಲಿ ಅದು ಮೊದಲ ಸ್ಥಾನದಲ್ಲಿರುವುದು ಆಕಸ್ಮಿಕವಲ್ಲ. ಆದರೆ ಅಗಿಯುವ ಮೇಲ್ಮೈಯಲ್ಲಿ ಬೇಗ ಸವೆಯುತ್ತದೆ, ಒಡೆಯುತ್ತದೆ. ಬೇರಿನ ಮೇಲಿನ ಅಂಚಿಗೆ ಅದನ್ನು ತಳವಾಗಿ ಹಾಕಿ, ಮೇಲೆ ಕಾಂಪೊಸಿಟ್ ಹೊದಿಸುವ ರೂಢಿ ಇದೇ ಕಾರಣಕ್ಕೆ ಬಂದದ್ದು.

ಫ್ಲೋರೋಸಿಸ್ ಇರುವ ಹಲ್ಲಿಗೆ ಅಂಟು ಹಿಡಿಯುವುದಿಲ್ಲವೆಂಬುದು ನಿಜವೇ?

ಹಿಡಿಯುತ್ತದೆ, ಆದರೆ ಹೆಚ್ಚು ಎಚ್ಚರ ಬೇಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂಥ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಅಲ್ಲಿ ಬಾಲ್ಯ ಕಳೆದವರ ಹಲ್ಲುಗಳಲ್ಲಿ ಬಿಳಿ ಅಥವಾ ಕಂದು ಮಚ್ಚೆಗಳು ಸಾಮಾನ್ಯ. ಅಂಥ ಎನಾಮಲ್‌ನ ಹೊರಪದರ ಆಮ್ಲಕ್ಕೆ ಸುಲಭವಾಗಿ ಕರಗದು, ಆಮ್ಲ ಮಾಡಬೇಕಾದ ಸೂಕ್ಷ್ಮ ಕುಳಿಗಳು ಸಮನಾಗಿ ಮೂಡುವುದಿಲ್ಲ. ಹೊರಪದರವನ್ನು ತುಸು ಉಜ್ಜಿ ತೆಗೆಯುವುದು, ಆಮ್ಲವನ್ನು ಹೆಚ್ಚು ಹೊತ್ತು ಬಿಡುವುದು, ಸೌಮ್ಯ ಸೆಲ್ಫ್ ಎಚ್ ಒಂದನ್ನೇ ನೆಚ್ಚದಿರುವುದು ಇದಕ್ಕೆ ಪರಿಹಾರಗಳು. ನೀವು ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಚಿಕಿತ್ಸೆ ಪಡೆಯುತ್ತಿದ್ದರೆ ಬೆಳೆದ ಊರಿನ ನೀರಿನ ವಿಷಯವನ್ನು ವೈದ್ಯರಿಗೆ ತಿಳಿಸುವುದು ಒಳ್ಳೆಯದು.

ಬಹುಕಾಲ ಅಡಿಕೆ ಜಗಿದು ಸವೆದ ಹಲ್ಲುಗಳಲ್ಲಿ ಬೇರೆ ಬಗೆಯ ತೊಂದರೆ: ಬಯಲಾದ ಡೆಂಟಿನ್ ಗಾಜಿನಂತೆ ಹೊಳೆಯುತ್ತಾ ಗಡುಸಾಗಿ, ನಾಳಗಳು ಖನಿಜದಿಂದ ಮುಚ್ಚಿಹೋಗಿ, ಅಂಟಿಗೆ ಹಿಡಿತ ಸಿಗುವುದಿಲ್ಲ. ಒರಟು ಪುಡಿಯಿಂದ ಅಡ್ಡಡ್ಡ ತಿಕ್ಕಿ ಒಸಡಿನ ಬಳಿ ತೋಡು ಮಾಡಿಕೊಂಡವರಲ್ಲೂ ಹೀಗೆಯೇ.

ಒಂದೇ ಅಂಟು ಒಬ್ಬರ ಕೈಯಲ್ಲಿ ಬಾಳುತ್ತದೆ, ಇನ್ನೊಬ್ಬರ ಕೈಯಲ್ಲಿ ಬಾಳುವುದಿಲ್ಲ. ಏಕೆ?

ಅಂಟಿನ ಕೆಲಸದಲ್ಲಿ ಸಣ್ಣ ಲೋಪಕ್ಕೂ ದಂಡವಿದೆ. ಜೊಲ್ಲು ಅಥವಾ ರಕ್ತದ ತೆಳು ಲೇಪ ತಗುಲಿದರೂ ಹಿಡಿತ ಕುಸಿಯುತ್ತದೆ. ಹಲ್ಲನ್ನು ಬಾಯಿಯ ತೇವದಿಂದ ಬೇರ್ಪಡಿಸುವ ರಬ್ಬರ್ ಡ್ಯಾಮ್, 1864ರಲ್ಲಿ ನ್ಯೂಯಾರ್ಕಿನ ಸ್ಯಾನ್‌ಫೋರ್ಡ್ ಬಾರ್ನಮ್ ಬಳಕೆಗೆ ತಂದ ಉಪಕರಣ, ಇಂದಿಗೂ ಅತ್ಯುತ್ತಮ. ರೋಗಿಗೆ ಅದು ಹಿತವಲ್ಲ ಎಂದು ಬಿಟ್ಟುಬಿಡುವವರಿದ್ದಾರೆ. ಹಿತವಲ್ಲ ನಿಜ, ಆದರೂ ಹಾಕಿಸಿಕೊಳ್ಳಿ. ಅಂಟನ್ನು ಹಚ್ಚಿ ಬಿಟ್ಟರೆ ಸಾಲದು, ಕುಂಚದಿಂದ ಹೇಳಿದಷ್ಟು ಹೊತ್ತು ತಿಕ್ಕಬೇಕು. ಅದರಲ್ಲಿರುವ ಅಸಿಟೋನ್, ಆಲ್ಕೋಹಾಲ್, ನೀರು ಆವಿಯಾಗುವವರೆಗೆ ಗಾಳಿ ಬಿಡಬೇಕು. ಆವಿಯಾಗದೆ ಉಳಿದ ನೀರು ಮುಂದಿನ ಸೋರಿಕೆಯ ಬೀಜ. ಬೆಳಕಿನ ಉಪಕರಣದ ತುದಿ ದೂರವಿದ್ದರೆ ಅಥವಾ ಓರೆಯಾಗಿದ್ದರೆ ಸಂದಿನ ತಳದ ಅಂಟು ಅರೆಬೆಂದೇ ಉಳಿಯುತ್ತದೆ.

ಬಾಟಲಿಯ ಬಗ್ಗೆಯೂ ಒಂದು ಮಾತು. ಆಮ್ಲ, ನೀರು, ರಾಳ ಮೂರೂ ಒಂದೇ ಬಾಟಲಿಯಲ್ಲಿರುವ ಅಂಟುಗಳು ಬಳಸುವ ಮೊದಲೇ ಒಳಗೊಳಗೆ ಹಾಳಾಗಬಲ್ಲವು. ನಮ್ಮ ಬೇಸಿಗೆಯಲ್ಲಿ ಫ್ರಿಜ್ಜಿನ ಹೊರಗೆ ವಾರಗಟ್ಟಲೆ ಇಟ್ಟ, ಮುಚ್ಚಳ ತೆರೆದಿಟ್ಟು ಬಳಸಿದ ಬಾಟಲಿಯಿಂದ ಕಂಪನಿ ಹೇಳಿದ ಫಲವನ್ನು ನಿರೀಕ್ಷಿಸಲಾಗದು.

ಕ್ಲೋರ್‌ಹೆಕ್ಸಿಡಿನ್ ಹಚ್ಚಿದರೆ ಬಿಗಿ ಹೆಚ್ಚು ಕಾಲ ಉಳಿಯುತ್ತದೆಯೇ?

ಬಾಯಿ ಮುಕ್ಕಳಿಸುವ ಔಷಧಿಯಲ್ಲಿರುವ ಇದೇ ಪದಾರ್ಥ ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ತಡೆಯುತ್ತದೆ. ಆಮ್ಲ ತೊಳೆದ ಮೇಲೆ 2% ದ್ರಾವಣ ಹಚ್ಚಿದರೆ ಹೈಬ್ರಿಡ್ ಪದರ ನಿಧಾನವಾಗಿ ಸವೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಫಿಲ್ಲಿಂಗ್‌ಗಳು ಬಾಯಿಯಲ್ಲಿ ಹೆಚ್ಚು ಬಾಳಿದ್ದಕ್ಕೆ ಮಾತ್ರ ಮನವೊಪ್ಪುವ ಆಧಾರ ಸಿಕ್ಕಿಲ್ಲ. ಹಾನಿಯಿಲ್ಲದ, ಆದರೆ ಅದೊಂದನ್ನೇ ನೆಚ್ಚಬಾರದ ಹಂತವಿದು.

ಹಲ್ಲು ಬಿಳುಪು ಮಾಡಿಸಿದ ಕೂಡಲೇ ಫಿಲ್ಲಿಂಗ್ ಹಾಕಿಸಬಹುದೇ?

ಬೇಡ. ಹಲ್ಲಿನಲ್ಲಿ ಉಳಿದ ಆಮ್ಲಜನಕ ರಾಳವನ್ನು ಗಟ್ಟಿಯಾಗಲು ಬಿಡುವುದಿಲ್ಲ. ಒಂದೆರಡು ವಾರ ಕಾಯಿರಿ. ಲವಂಗದ ಎಣ್ಣೆಯ ಯೂಜಿನಾಲ್ ಇರುವ ತಾತ್ಕಾಲಿಕ ಸಿಮೆಂಟ್ ಹಾಕಿದ್ದರೂ ಅದನ್ನು ಪೂರ್ತಿಯಾಗಿ ತೆಗೆಯದೆ ಅಂಟು ಹಚ್ಚಬಾರದು. ಹಲ್ಲು ನೋವೆಂದು ಮನೆಯಲ್ಲಿ ಲವಂಗದ ಎಣ್ಣೆ ಇಟ್ಟುಕೊಂಡಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಅಂಚು ಬಾಳಲು ನಾವು ಏನು ಮಾಡಬಹುದು?

ಅಂಟಿನ ಸವೆತವನ್ನು ನೀವು ನಿಲ್ಲಿಸಲಾರಿರಿ. ಅಂಚಿನಲ್ಲಿ ಹುಳುಕಾಗದಂತೆ ತಡೆಯಬಲ್ಲಿರಿ. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಬಾರಿ ಹಲ್ಲುಜ್ಜುವುದು, ಸಂದಿನ ಫಿಲ್ಲಿಂಗ್ ಆಗಿದ್ದರೆ ಅಲ್ಲಿ ದಾರದಿಂದಲೋ ಸಂದಿನ ಬ್ರಷ್‌ನಿಂದಲೋ ಶುಚಿ ಮಾಡುವುದು, ಸಿಹಿ ತಿನ್ನುವ ಪ್ರಮಾಣಕ್ಕಿಂತಲೂ ಮುಖ್ಯವಾಗಿ ದಿನದಲ್ಲಿ ಎಷ್ಟು ಸಲ ತಿನ್ನುತ್ತೇವೆ ಎಂಬುದನ್ನು ತಗ್ಗಿಸುವುದು ಮುಖ್ಯ. ನಿದ್ರೆಯಲ್ಲಿ ಹಲ್ಲು ಕಡಿಯುವವರು ರಾತ್ರಿ ಹಾಕಿಕೊಳ್ಳುವ ಗಾರ್ಡ್ ಬಗ್ಗೆ ವಿಚಾರಿಸಬಹುದು. ಔಷಧಿಗಳಿಂದಲೋ ವಿಕಿರಣ ಚಿಕಿತ್ಸೆಯಿಂದಲೋ ಬಾಯಿ ಒಣಗುವವರಲ್ಲಿ ಹುಳುಕು ಬಹಳ ಬೇಗ ಹರಡುವುದರಿಂದ ಅವರು ವರ್ಷಕ್ಕೊಮ್ಮೆ ಅಲ್ಲ, ಮೂರು ನಾಲ್ಕು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು.

ಅಂಚು ಬಿಟ್ಟಿದೆ ಎಂದು ವೈದ್ಯರು ಹೇಳಿದರೆ ಪೂರ್ತಿ ಫಿಲ್ಲಿಂಗ್ ತೆಗೆಸಬೇಕೇ?

ಹೆಚ್ಚಿನ ಸಂದರ್ಭಗಳಲ್ಲಿ ಬೇಡ. ಹಳೆಯ ಕಾಂಪೊಸಿಟನ್ನು ಪೂರ್ತಿ ತೆಗೆಯುವಾಗ ಬಣ್ಣದಲ್ಲಿ ಹಲ್ಲಿಗೂ ಅದಕ್ಕೂ ವ್ಯತ್ಯಾಸ ಕಾಣದೆ ಆರೋಗ್ಯವಾದ ಹಲ್ಲೂ ಕೊರೆದುಹೋಗುತ್ತದೆ, ಗುಳಿ ಪ್ರತಿ ಸಲವೂ ದೊಡ್ಡದಾಗುತ್ತದೆ, ತಿರುಳಿಗೆ ಹತ್ತಿರವಾಗುತ್ತದೆ. ಮೇಲ್ಮೈಯ ಕಲೆಯಾದರೆ ಉಜ್ಜಿ ಹೊಳಪು ಕೊಟ್ಟರೆ ಸಾಕು. ಒಂದು ಕಡೆ ಅಂಚು ಬಿಟ್ಟಿದ್ದರೆ ಅಷ್ಟು ಭಾಗವನ್ನು ಮಾತ್ರ ತೆರೆದು, ಹಳೆಯ ಕಾಂಪೊಸಿಟ್‌ನ ಮುಖವನ್ನು ಒರಟು ಮಾಡಿ, ಕಾಂಪೊಸಿಟ್‌ನ ಗಾಜಿನ ಪುಡಿಯನ್ನು ರಾಳಕ್ಕೆ ಬೆಸೆಯುವ ಸೈಲೇನ್ ಎಂಬ ದ್ರವ ಮತ್ತು ಅಂಟು ಹಚ್ಚಿ ಹೊಸದನ್ನು ಸೇರಿಸಬಹುದು. ಇಂಥ ದುರಸ್ತಿಯನ್ನು ವಿಶ್ವ ದಂತ ಒಕ್ಕೂಟವೂ ಬೆಂಬಲಿಸುತ್ತದೆ. ಫಿಲ್ಲಿಂಗ್ ಅಲುಗಾಡುತ್ತಿದ್ದರೆ, ಕೆಳಗೆ ಹುಳುಕು ಹರಡಿರುವುದು ಖಚಿತವಾದರೆ ಅಥವಾ ಹಲ್ಲೇ ಬಿರುಕು ಬಿಟ್ಟಿದ್ದರೆ ಮಾತ್ರ ಪೂರ್ತಿ ತೆಗೆಯಬೇಕಾಗುತ್ತದೆ. ಪೂರ್ತಿ ಬದಲಿಸಬೇಕು ಎಂಬ ಸಲಹೆ ಬಂದಾಗ ಈ ಮೂರರಲ್ಲಿ ಯಾವುದು ಕಂಡಿದೆ ಎಂದು ವೈದ್ಯರನ್ನು ಕೇಳಿ, ಎಕ್ಸ್‌ರೇಯಲ್ಲಿ ತೋರಿಸಿಕೊಡುವಂತೆ ಕೋರಲು ಸಂಕೋಚಪಡಬೇಕಾಗಿಲ್ಲ.